ಹಿಮದ ದಾರಿಗೆ ಜಿಮ್ನಿ: ಚಿಕ್ಕಬಳ್ಳಾಪುರದಿಂದ ಗುಲ್‌ಮಾರ್ಗ್‌ವರೆಗೆ ಓಡಿಸಿದ ಮೇಲೆ

ಚಿಕ್ಕಬಳ್ಳಾಪುರವನ್ನು ಹಾದು ಬಾಗೇಪಲ್ಲಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 44ರ ಉತ್ತರದ ತುದಿಯಲ್ಲಿರುವುದು ಶ್ರೀನಗರ. ಹೈದರಾಬಾದ್, ನಾಗಪುರ, ಝಾನ್ಸಿ, ದೆಹಲಿ, ಪಠಾಣ್‌ಕೋಟ್, ಜಮ್ಮುಗಳ ಮೇಲೆ ಸುಮಾರು 2,900 ಕಿಲೋಮೀಟರ್ ಹೋದರೆ, ಬಹುತೇಕ ಇದೊಂದೇ ಹೆದ್ದಾರಿಯಲ್ಲಿ ಕಾಶ್ಮೀರ ಕಣಿವೆಯನ್ನು ಮುಟ್ಟಬಹುದು. ಸ್ವಂತ ಗಾಡಿಯಲ್ಲಿ ಚಳಿಗಾಲದ ಕಾಶ್ಮೀರವನ್ನು ನೋಡಿಬರಬೇಕೆಂಬ ಆಸೆಯುಳ್ಳವರು ನಮ್ಮ ಜಿಲ್ಲೆಯಲ್ಲಿ ಸಿಗುತ್ತಲೇ ಇರುತ್ತಾರೆ. ಹೋಗಿಬಂದವರನ್ನು ಕಂಡರೆ ಅವರು ಮೊದಲು ಕೇಳುವುದು, ಹಿಮದ ಮೇಲೆ ಓಡಿಸಲು ಯಾವ ಗಾಡಿ ಆದೀತು ಎಂಬುದನ್ನೇ. ನಾನು ಮತ್ತು ನನ್ನ ತಮ್ಮ ಮಾರುತಿ ಸುಜುಕಿ ಜಿಮ್ನಿಯನ್ನು ಜನವರಿ ತಿಂಗಳಲ್ಲಿ, ಕಾಶ್ಮೀರದವರು ಚಿಲ್ಲೈ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿಯ ಕಾಲದಲ್ಲಿ, ಗುಲ್‌ಮಾರ್ಗ್‌ವರೆಗೆ ಒಯ್ದೆವು. ಆ ಗಾಡಿ ಹಿಮದಲ್ಲಿ ಹೇಗೆ ನಡೆದುಕೊಂಡಿತು, ಎಲ್ಲಿ ಕೈಕೊಟ್ಟಿತು, ಅದರ ಬದಲಿಗೆ ಬೇರೆ ಯಾವುದನ್ನು ಪರಿಗಣಿಸಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಮಕ್ಕೆ ಗಾಡಿ ಆರಿಸುವವರು ಅದು ಎಷ್ಟು ದೊಡ್ಡದು, ಎಂಜಿನ್ ಎಷ್ಟು ಬಲವುಳ್ಳದ್ದು ಎಂದು ನೋಡುವುದಕ್ಕಿಂತ ಅದು ಹೇಗೆ ನಿಲ್ಲುತ್ತದೆ, ಎಷ್ಟು ನಿಧಾನವಾಗಿ ಇಳಿಯಬಲ್ಲದು ಎಂದು ನೋಡಬೇಕು. ಈ ಎರಡು ಅಳತೆಗಳಿಂದ ನೋಡಿದರೆ ಜಿಮ್ನಿ ಒಳ್ಳೆಯ ಗಾಡಿ, ಆದರೆ ಶೋರೂಮಿನಿಂದ ಬಂದ ಟೈರುಗಳ ಮೇಲೆ ಅಲ್ಲ.

ನಮ್ಮ ಕಡೆ ಫೋರ್ ವೀಲ್ ಡ್ರೈವ್ ಇದ್ದರೆ ಹಿಮದ ಭಯವಿಲ್ಲ ಎಂಬ ನಂಬಿಕೆ ಬಲವಾಗಿದೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋದರೆ ಗಾಡಿ ಹೊರಡುವುದು ಮತ್ತು ಏರು ಹತ್ತುವುದು ಸುಲಭವಾಗುತ್ತದೆ ಎಂಬುದು ನಿಜ. ಗಾಡಿಯ ಭಾರದಲ್ಲಿ ಅರ್ಧ ಮಾತ್ರ ಹಿಂದಿನ ಚಕ್ರಗಳ ಮೇಲಿದ್ದು, ಶಕ್ತಿಯೂ ಅವುಗಳಿಗೆ ಮಾತ್ರ ಹೋಗುತ್ತಿದ್ದರೆ, ಅದೇ ಹಿಮದ ಮೇಲೆ ನಾಲ್ಕೂ ಚಕ್ರ ದೂಡುವ ಗಾಡಿ ಹತ್ತುವ ಏರಿನ ಅರ್ಧದಷ್ಟನ್ನು ಮಾತ್ರ ಅದು ಹತ್ತಬಲ್ಲದು. ಆದರೆ ಬ್ರೇಕ್ ಎಂಬುದು ಆಲ್ಟೋದಿಂದ ಫಾರ್ಚುನರ್‌ವರೆಗೆ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಆದ್ದರಿಂದ ನಿಲ್ಲಿಸುವ ವಿಷಯದಲ್ಲಿ, ತಿರುವಿನಲ್ಲಿ ರಸ್ತೆ ಹಿಡಿಯುವ ವಿಷಯದಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಟೈರಿನ ರಬ್ಬರು ಮತ್ತು ನೆಲದ ನಡುವಿನ ಹಿಡಿತವೊಂದೇ.

ಆ ಹಿಡಿತ ಎಷ್ಟು ಇಳಿಯುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಣಗಿದ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ ಸುಮಾರು 0.7 ಇರುತ್ತದೆ, ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಅದು 0.2ರ ಆಸುಪಾಸಿಗೆ, ಮಂಜುಗಡ್ಡೆಯ ಮೇಲೆ 0.1ಕ್ಕೆ ಇಳಿಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 9 ಮೀಟರಿನಲ್ಲಿ ನಿಂತರೆ, ಗಟ್ಟಿ ಹಿಮದ ಮೇಲೆ ಅದಕ್ಕೆ 31 ಮೀಟರ್ ಬೇಕು, ಮಂಜುಗಡ್ಡೆಯ ಮೇಲೆ 60 ಮೀಟರಿಗಿಂತಲೂ ಹೆಚ್ಚು. ಅದಕ್ಕಿಂತ ಕಳವಳದ ಸಂಗತಿ ಇಳಿಜಾರಿನದ್ದು. ಹಿಡಿತ 0.1 ಇರುವ ಕಡೆ, ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ನಿಂತ ಗಾಡಿಯೂ ತಾನಾಗಿ ಜಾರಲು ತೊಡಗುತ್ತದೆ; ಬ್ರೇಕ್ ಎಷ್ಟು ಒತ್ತಿದರೂ ಅದು ನಿಲ್ಲುವ ಮಾತೇ ಇಲ್ಲ. ನಂದಿ ಬೆಟ್ಟದ ಹೇರ್‌ಪಿನ್ ತಿರುವುಗಳನ್ನು ವರ್ಷಗಟ್ಟಲೆ ಹತ್ತಿ ಇಳಿದು ಪಳಗಿದವರಿಗೂ ಇದು ಗೊತ್ತಿರುವ ಬಗೆಯ ರಸ್ತೆಯಲ್ಲ.

ಇನ್ನು ಜಿಮ್ನಿಯ ವಿಷಯಕ್ಕೆ ಬರುತ್ತೇನೆ. ಐದು ಬಾಗಿಲಿನ ಈ ಮಾದರಿ ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2023ರ ಜೂನ್ ತಿಂಗಳಲ್ಲಿ, ಆಗಿನ ಆರಂಭದ ಶೋರೂಂ ಬೆಲೆ 12.74 ಲಕ್ಷ ರೂಪಾಯಿ. ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದೊಳಗಿರುವ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 17ರ ರಸ್ತೆ ತೆರಿಗೆ ಬೀಳುವುದರಿಂದ ಮನೆಗೆ ಬರುವಷ್ಟರಲ್ಲಿ ಬೆಲೆ ಬಹಳ ಏರುತ್ತದೆ. 1.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 134 ನ್ಯೂಟನ್ ಮೀಟರ್ ಟಾರ್ಕ್. ಲಾರಿಗಳಿಗಿರುವಂಥ ಏಣಿಯಾಕಾರದ ಚಾಸಿಯ ಮೇಲೆ ದೇಹವನ್ನು ಕೂರಿಸಿದ್ದಾರೆ. ಮುಂದೆಯೂ ಹಿಂದೆಯೂ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್ ಇದೆ. ನೆಲದಿಂದ ಎತ್ತರ 210 ಮಿಲಿಮೀಟರ್. ಇಷ್ಟೆಲ್ಲ ಇದ್ದೂ ಅದರ ತೂಕ 1,200 ಕಿಲೋದ ಆಸುಪಾಸಿನಲ್ಲೇ ಉಳಿದಿದೆ ಎಂಬುದೇ ನನಗೆ ಇದರಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು.

ಭಾರವಾದ ಗಾಡಿ ಹಿಮದಲ್ಲಿ ನೆಲಕ್ಕೆ ಅಂಟಿಕೊಂಡು ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಭಾರ ಹೆಚ್ಚಿದಷ್ಟೂ ಟೈರಿನ ಹಿಡಿತ ಹೆಚ್ಚುವುದು ನಿಜವಾದರೂ, ತಡೆಯಬೇಕಾದ ಓಟದ ರಭಸವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ; ಹೀಗಾಗಿ ನಿಲ್ಲುವ ದೂರದಲ್ಲಿ ಲಾಭವಾಗುವುದಿಲ್ಲ. ಆದರೆ ಭಾರದ ಗಾಡಿ ಜಾರಿ ರಸ್ತೆಯಂಚಿನ ಹಿಮದ ದಿಣ್ಣೆಗೆ ಸಿಕ್ಕಿಕೊಂಡಾಗ ಅದನ್ನು ಹೊರತೆಗೆಯಲು ಇನ್ನೊಂದು ಗಾಡಿ ಬೇಕೇ ಬೇಕಾಗುತ್ತದೆ. ನಮ್ಮ ಗಾಡಿ ಗುಲ್‌ಮಾರ್ಗ್‌ನಲ್ಲಿ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಹಿಂಬದಿಯ ಒಂದು ಚಕ್ರವನ್ನು ಮೆತ್ತನೆಯ ಹಿಮದೊಳಗೆ ಇಳಿಸಿಬಿಟ್ಟಾಗ, ಸುತ್ತಲಿನ ಹಿಮವನ್ನು ಸಲಿಕೆಯಿಂದ ಸ್ವಲ್ಪ ಕೆರೆದು, ನನ್ನ ತಮ್ಮ ಮತ್ತು ಅಲ್ಲಿನ ಇಬ್ಬರು ಹುಡುಗರು ಹಿಂದಿನಿಂದ ತಳ್ಳಿದ್ದಷ್ಟೇ ಸಾಕಾಯಿತು.

ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇದೆ. ಅದರಲ್ಲಿ ಮೂರು ಸ್ಥಾನಗಳು: ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ 2ಎಚ್, ನಾಲ್ಕಕ್ಕೂ ಕೊಡುವ 4ಎಚ್, ನಾಲ್ಕಕ್ಕೂ ಕೊಟ್ಟು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿ ಎಳೆಯುವ ಬಲವನ್ನು ದುಪ್ಪಟ್ಟು ಮಾಡುವ 4ಎಲ್. ಓಡುತ್ತಿರುವಾಗಲೇ 2ಎಚ್‌ನಿಂದ 4ಎಚ್‌ಗೆ ಹೋಗಬಹುದು. 4ಎಲ್‌ಗೆ ಹಾಕಬೇಕಾದರೆ ಗಾಡಿಯನ್ನು ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ, ಲಿವರನ್ನು ಕೆಳಕ್ಕೆ ಅದುಮಿ ಎಳೆಯಬೇಕು. ಹಿಮಕ್ಕೆ ಜಿಮ್ನಿ ಯೋಗ್ಯವೆಂದು ನಾನು ಹೇಳುವುದು ಈ ಮೂರನೆಯ ಸ್ಥಾನದ ಬಲದ ಮೇಲೆ. 4ಎಲ್‌ನಲ್ಲಿ ಮೊದಲ ಗೇರಿಗೆ ಹಾಕಿ ಎರಡೂ ಕಾಲುಗಳನ್ನು ಪೆಡಲುಗಳಿಂದ ತೆಗೆದರೆ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ನಡೆಯುವವರ ವೇಗದಲ್ಲಿ ಇಳಿಸುತ್ತದೆ. ಹಾಗೆ ಇಳಿಯುವಾಗ ನಾಲ್ಕು ಚಕ್ರಗಳೂ ಒಂದೇ ಹದದಲ್ಲಿ ತಿರುಗುತ್ತಿರುತ್ತವೆ. ಯಾವುದೊಂದೂ ಇದ್ದಕ್ಕಿದ್ದಂತೆ ಕಟ್ಟಿಕೊಂಡು ಜಾರುವ ಸಂಭವ ಕಡಿಮೆ. ಹಿಮದ ಇಳಿಜಾರಿನಲ್ಲಿ ಬ್ರೇಕಿನ ಮೇಲಿನ ಅವಲಂಬನೆ ಎಷ್ಟು ತಗ್ಗುತ್ತದೋ ಅಷ್ಟು ಗಾಡಿ ನಮ್ಮ ಹತೋಟಿಯಲ್ಲಿರುತ್ತದೆ.

ಒಂದು ಚಕ್ರ ಮಂಜುಗಡ್ಡೆಯ ಮೇಲೆ ಸುಮ್ಮನೆ ಸುತ್ತತೊಡಗಿದರೆ, ಗಾಡಿ ತಾನೇ ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಅದರೆದುರಿನ ಚಕ್ರಕ್ಕೆ ಶಕ್ತಿಯನ್ನು ತಿರುಗಿಸುವ ವ್ಯವಸ್ಥೆಯೂ ಇದರಲ್ಲಿದೆ. ಅದು ಕೆಲಸ ಮಾಡುವಾಗ ಕೆಳಗಿನಿಂದ ಕಟಕಟ ಸದ್ದು ಬರುತ್ತದೆ. ಮೊದಲ ಸಲ ಕೇಳಿದವರು ಏನೋ ಮುರಿಯಿತೆಂದು ಹೆದರಿ ಆಕ್ಸಲರೇಟರ್ ಬಿಟ್ಟುಬಿಡುತ್ತಾರೆ. ಬಿಡಬಾರದು. ಕಾಲನ್ನು ಒಂದೇ ಸಮನಾಗಿ ಹಿಡಿದರೆ ಗಾಡಿ ನಿಧಾನವಾಗಿ ತೆವಳಿ ಹೊರಬರುತ್ತದೆ.

ತಂಗ್‌ಮಾರ್ಗ್‌ನಿಂದ ಗುಲ್‌ಮಾರ್ಗ್‌ಗೆ ಇರುವುದು ಸುಮಾರು 13 ಕಿಲೋಮೀಟರ್ ಏರುದಾರಿ. ಹಿಮ ಬಿದ್ದ ದಿನಗಳಲ್ಲಿ ಅಲ್ಲಿನ ಪೊಲೀಸರು ಫೋರ್ ವೀಲ್ ಡ್ರೈವ್ ವಾಹನಗಳನ್ನು ಮತ್ತು ಚಕ್ರಗಳಿಗೆ ಚೈನ್ ಕಟ್ಟಿದ ವಾಹನಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಮನಾಲಿಯ ಕಡೆಗೂ ಇದೇ ಕ್ರಮವಿದೆ. ಹಿಮ ಬಿದ್ದಾಗ ಸೋಲಂಗ್ ಮತ್ತು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಕಡೆಗೆ ಉಳಿದ ವಾಹನಗಳನ್ನು ತಡೆಯುತ್ತಾರೆ. ನಮ್ಮ ಗಾಡಿಯನ್ನು ನೋಡಿದ ಕೂಡಲೇ ಮೇಲೆ ಹೋಗಲು ಬಿಟ್ಟರು. ಆದರೆ ಅಲ್ಲಿಯೇ ನಿಂತಿದ್ದ ಸ್ಥಳೀಯ ಚಾಲಕರೊಬ್ಬರು ನಮ್ಮ ಟೈರಿನ ಮೇಲೆ ಬೆರಳಾಡಿಸಿ, ಇದು ಹತ್ತುತ್ತದೆ, ಇಳಿಯುವಾಗ ಮಾತ್ರ ಚೈನ್ ಕಟ್ಟಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದರು. ಅವರ ಮಾತು ಅಕ್ಷರಶಃ ನಿಜವಾಯಿತು. ಏರುವಾಗ 4ಎಚ್‌ನಲ್ಲಿ ಎರಡನೆಯ ಗೇರಿನಲ್ಲಿ ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಸಮುದ್ರಮಟ್ಟದಿಂದ 2,650 ಮೀಟರ್ ಎತ್ತರದ ಗುಲ್‌ಮಾರ್ಗ್‌ನಲ್ಲಿ ಗಾಳಿ ತೆಳುವಾಗಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಈ ಎಂಜಿನ್ ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನು ಕಳೆದುಕೊಳ್ಳುತ್ತದಾದರೂ, ಹಿಮದ ಮೇಲೆ ಬೇಕಾಗುವುದು ನಿಧಾನದ ಎಳೆತವೇ ಹೊರತು ವೇಗವಲ್ಲವಾದ್ದರಿಂದ ಆ ಕೊರತೆ ಕಾಣಲಿಲ್ಲ. ಕಾಡಿನ ನೆರಳಿನಲ್ಲಿ ಬರುವ ಒಂದು ಎಡತಿರುವಿನಲ್ಲಿ, ಇಳಿಯುವಾಗ, ಚೈನ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ನಮಗೆ ಮುಂದೆ ಹೋಗುತ್ತಿದ್ದ ಭಾರಿ ಎಸ್‌ಯುವಿಯೊಂದನ್ನು ನೋಡಿ ತಿಳಿಯಿತು: ಅದರ ಸ್ಟಿಯರಿಂಗ್ ಎಡಕ್ಕೆ ತಿರುಗಿದ್ದರೂ ಗಾಡಿ ನೇರವಾಗಿ ಜಾರಿಹೋಗಿ ರಸ್ತೆಬದಿಯ ಹಿಮದ ಗೋಡೆಗೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅದೂ ಫೋರ್ ವೀಲ್ ಡ್ರೈವ್ ಗಾಡಿಯೇ.

ಆ ತಿರುವಿನಲ್ಲಿದ್ದದ್ದು ಬ್ಲ್ಯಾಕ್ ಐಸ್. ಹಗಲಿನ ಬಿಸಿಲಿಗೆ ಕರಗಿ ರಸ್ತೆಯ ಮೇಲೆ ಹರಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ, ಕೆಳಗಿನ ಡಾಂಬರು ಹಾಗೆಯೇ ಕಾಣುವಷ್ಟು ತೆಳ್ಳಗಿನ ಪಾರದರ್ಶಕ ಪದರವಾಗಿ ನಿಲ್ಲುತ್ತದೆ. ಬೆಳಗಿನ ಹೊತ್ತು, ಮರಗಳ ನೆರಳಿನಲ್ಲಿ, ಸೇತುವೆಗಳ ಮೇಲೆ ಇದು ಹೆಚ್ಚು. ಭೋಗನಂದೀಶ್ವರನ ಗುಡಿಯ ಕಲ್ಯಾಣಿಯಲ್ಲಿ ಮಳೆಗಾಲಕ್ಕೆ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲಿಟ್ಟವರಿಗೆ ಅದರ ಅಂದಾಜು ಸ್ವಲ್ಪ ಸಿಕ್ಕೀತು. ಕೊರೆಯುವ ಚಳಿಯಲ್ಲಿ ಗಟ್ಟಿಯಾದ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಹತ್ತಿರವಿದ್ದು ಮೇಲೆ ನೀರಿನ ಪಸೆ ಇರುವ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ ಎಂಬುದನ್ನೂ ನೆನಪಿಡಬೇಕು. ಬಿಸಿಲು ಬಂದಿತೆಂದು ವೇಗ ಹೆಚ್ಚಿಸುವುದು ಸರಿಯಲ್ಲ.

ಹಾಗಾದರೆ ಟೈರು. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15 ಅಳತೆಯ, ಹೆದ್ದಾರಿಗೆಂದು ಮಾಡಿದ ಟೈರು. ಅದರ ಕಿರಿದಾದ ಅಗಲವೇ ಹಿಮದಲ್ಲಿ ಒಂದು ಅನುಕೂಲ: ಹೊಸದಾಗಿ ಬಿದ್ದ ಹಿಮವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಮಹೀಂದ್ರ ಥಾರ್‌ನ 255 ಮಿಲಿಮೀಟರ್ ಅಗಲದ ಟೈರು ತೆಳುವಾದ ಹಿಮದ ಮೇಲೆ ತೇಲುವ ಸಾಧ್ಯತೆ ಹೆಚ್ಚು. ಆದರೆ ಅಗಲಕ್ಕಿಂತ ರಬ್ಬರಿನ ಗುಣ ಮುಖ್ಯ. ನಮ್ಮ ಸೆಕೆಗೆ ತಾಳುವಂತೆ ಮಾಡಿದ ರಬ್ಬರು ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಬಿರುಸಾಗತೊಡಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲಕ್ಕೆಂದೇ ಮಾಡುವ ಟೈರಿನ ರಬ್ಬರಿನಲ್ಲಿ ಸಿಲಿಕಾ ಹೆಚ್ಚಿರುತ್ತದೆ. ಚಳಿಯಲ್ಲೂ ಅದು ಮೆತ್ತಗಿರುತ್ತದೆ. ಮೈಮೇಲೆ ಬ್ಲೇಡಿನಿಂದ ಗೀರಿದಂತಹ ನೂರಾರು ಸಣ್ಣ ಸೀಳುಗಳಿದ್ದು, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಇಂಥ ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಬರೀ ‘ಎಂ ಪ್ಲಸ್ ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದು ತಯಾರಕರು ತಾವೇ ಹಾಕಿಕೊಳ್ಳುವ ಗುರುತು. ಹಿಮದ ಮೇಲೆ ಪರೀಕ್ಷೆಯಾಗಿದೆ ಎಂಬುದಕ್ಕೆ ಬೆಟ್ಟದ ಗುರುತೇ ಸಾಕ್ಷಿ.

ತೊಂದರೆಯೇನೆಂದರೆ, ಈ ಅಳತೆಯ ಚಳಿಗಾಲದ ಟೈರು ನಮ್ಮ ಊರಿನಲ್ಲಾಗಲಿ ಬೆಂಗಳೂರಿನಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಾಗಲಿ ಸಿಗಲಿಲ್ಲ. ಸಿಕ್ಕಿದ್ದರೂ ಅದನ್ನು ಹಾಕಿಕೊಂಡು ಅನಂತಪುರ, ಕರ್ನೂಲುಗಳ ಬಿಸಿಲಿನ ಕಾಂಕ್ರೀಟ್ ಮೇಲೆ ಸಾವಿರಾರು ಕಿಲೋಮೀಟರ್ ಓಡಿಸಿದರೆ ಆ ಮೆತ್ತನೆಯ ರಬ್ಬರು ಹಿಮ ಕಾಣುವ ಮೊದಲೇ ಗಣನೀಯವಾಗಿ ಸವೆದಿರುತ್ತದೆ. ಆದ್ದರಿಂದ ನಾವು ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೈನ್ ಟೈರುಗಳನ್ನು ಹಾಕಿಸಿ, ನಾಲ್ಕೂ ಚಕ್ರಗಳಿಗೆ ಉಕ್ಕಿನ ಚೈನ್ ಒಯ್ದೆವು. ಗಟ್ಟಿ ಹಿಮದಲ್ಲಿ ಆಲ್ ಟೆರೈನ್ ಟೈರು ಚೆನ್ನಾಗಿಯೇ ನಡೆಯಿತು. ಮಂಜುಗಡ್ಡೆಯ ಮೇಲೆ ಅದು ಕಂಪನಿಯ ಟೈರಿಗಿಂತ ಉತ್ತಮವೆಂದು ನಾನು ಹೇಳಲಾರೆ. ಮಂಜುಗಡ್ಡೆಗೆ ಚೈನೇ ಬೇಕು.

ಚೈನ್ ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಯನ್ನೇ ಕೊಡಬೇಕು. ಆನ್‌ಲೈನ್‌ನಲ್ಲಿ ನಾವು ಮೊದಲು ತರಿಸಿದ ಜೊತೆ, ಈ ಅಳತೆಗೆ ಸರಿಹೊಂದುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ, ಮನೆಯಂಗಳದಲ್ಲಿ ಕಟ್ಟಿ ನೋಡಿದಾಗ ಒಳಗಿನ ಕೊಂಡಿ ಒಂದು ಗೇಣು ದೂರದಲ್ಲೇ ಉಳಿಯಿತು. ಹಿಂದಿರುಗಿಸಿ ಬೇರೆ ತರಿಸಬೇಕಾಯಿತು. ಈ ಪರೀಕ್ಷೆಯನ್ನು ಊರಿನಲ್ಲೇ ಮಾಡಿಕೊಳ್ಳುವುದು ಅಗತ್ಯ. ಕಟ್ಟುವ ಕ್ರಮ ಕಷ್ಟದ್ದಲ್ಲ: ಚೈನನ್ನು ನೆಲದ ಮೇಲೆ ಚಾಚಿ ಎಲ್ಲಿಯೂ ತಿರುಚಿಲ್ಲವೆಂದು ನೋಡಿ, ಟೈರಿನ ಮೇಲೆ ಹೊದಿಸಿ, ಕೈಯನ್ನು ಚಕ್ರದ ಹಿಂದಕ್ಕೆ ತೂರಿಸಿ ಒಳಗಿನ ಕೊಂಡಿಯನ್ನು ಮೊದಲು ಸಿಕ್ಕಿಸಬೇಕು, ಆಮೇಲೆ ಹೊರಗಿನದನ್ನು. ಗಾಡಿಯನ್ನು ಚಕ್ರದ ಒಂದು ಸುತ್ತಿನಷ್ಟು ಮುಂದಕ್ಕೆ ಬಿಟ್ಟು ಸಡಿಲವಾದದ್ದನ್ನು ಬಿಗಿಯಬೇಕು, ನೂರು ಮೀಟರ್ ಹೋದ ಮೇಲೆ ಇಳಿದು ಮತ್ತೊಮ್ಮೆ ಬಿಗಿಯಬೇಕು. ಮೈನಸ್ ಉಷ್ಣಾಂಶದಲ್ಲಿ ಬರಿಗೈಯಲ್ಲಿ ಉಕ್ಕನ್ನು ಹಿಡಿದರೆ ಬೆರಳುಗಳು ಮರಗಟ್ಟಿ ಕೊಂಡಿ ಸಿಕ್ಕಿದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ತೆಳುವಾದ ರಬ್ಬರು ಲೇಪಿತ ಕೈಗವಸು ಜೊತೆಯಲ್ಲಿರಲಿ. ಚೈನ್ ಕಟ್ಟಿದ ಮೇಲೆ ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ, ಹಿಮವಿಲ್ಲದ ಬರಿಯ ಡಾಂಬರು ಬಂದ ಕೂಡಲೇ ಬಿಚ್ಚಬೇಕು.

ಎರಡೇ ಚೈನ್ ಇದ್ದರೆ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಬರುತ್ತದೆ. ಆಲ್ಟೋ, ವ್ಯಾಗನ್ ಆರ್‌ನಂಥ ಮುಂಚಕ್ರ ಎಳೆಯುವ ಕಾರುಗಳಿಗೆ ಮುಂದೆ ಕಟ್ಟಬೇಕು. ಫೋರ್ ವೀಲ್ ಡ್ರೈವ್ ಗಾಡಿಗೆ ಕಂಪನಿಯ ಕೈಪಿಡಿ ಹೇಳಿದಂತೆ ಕಟ್ಟಬೇಕು. ಹಿಂದೆ ಮಾತ್ರ ಕಟ್ಟಿದರೆ ಮುಂಚಕ್ರಗಳು ತಿರುವಿನಲ್ಲಿ ಮಾತು ಕೇಳುವುದಿಲ್ಲ, ಮುಂದೆ ಮಾತ್ರ ಕಟ್ಟಿದರೆ ಇಳಿಜಾರಿನ ಬ್ರೇಕಿಗೆ ಹಿಂಭಾಗ ಪಕ್ಕಕ್ಕೆ ಬಂದುಬಿಡುವ ಅಪಾಯವಿದೆ ಎಂಬ ಕಾರಣಕ್ಕೇ ನಾವು ನಾಲ್ಕಕ್ಕೂ ಒಯ್ದದ್ದು.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದದ್ದು ರೇಡಿಯೇಟರಿನ ನೀರು. ಕೋಲಾರ, ಚಿಕ್ಕಬಳ್ಳಾಪುರಗಳ ಕೊಳವೆಬಾವಿಯ ನೀರು ಗಡಸು. ಕೂಲಂಟ್ ಸ್ವಲ್ಪ ಇಳಿದಿದ್ದರೆ ಅದೇ ನೀರನ್ನು ತುಂಬಿಸಿ ಕಳುಹಿಸುವ ಅಭ್ಯಾಸ ಹಲವು ಗ್ಯಾರೇಜುಗಳಲ್ಲಿದೆ. ಹೊರಡುವ ಮುಂಚೆ ನಾನು ಹೋಗಿದ್ದ ಒಂದು ಕಡೆಯೂ, “ಏನಾಗಲ್ಲ ಸಾರ್, ಬೋರ್ ನೀರೇ ಹಾಕ್ಬಿಡ್ತೀನಿ, ಎಲ್ಲಾ ಗಾಡಿಗೂ ಅದನ್ನೇ ಹಾಕೋದು” ಎಂದು ಹುಡುಗ ಪೈಪು ಎಳೆದುಕೊಂಡು ಬಂದ. ಬೇಡಪ್ಪ ಎಂದು ತಡೆದು, ಹಳೆಯದನ್ನು ಪೂರ್ತಿ ಬಸಿದು, ಕಂಪನಿಯ ಕೂಲಂಟನ್ನೇ ತುಂಬಿಸಿಕೊಂಡೆ. ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣದಂಥ ಪದರ ಕಟ್ಟುವುದು ಊರಿನಲ್ಲಿ ಆಗುವ ಹಾನಿ; ಹಿಮದ ನಾಡಿನಲ್ಲಿ ಆಗುವುದು ಇನ್ನೂ ದೊಡ್ಡದು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಜನವರಿಯ ರಾತ್ರಿ ಗುಲ್‌ಮಾರ್ಗ್‌ನ ಉಷ್ಣಾಂಶ ಮೈನಸ್ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಎಂಜಿನ್ನಿನೊಳಗೆ ಬರಿಯ ನೀರಿದ್ದರೆ ಬೆಳಗಾಗುವಷ್ಟರಲ್ಲಿ ರೇಡಿಯೇಟರ್ ಸೀಳಬಹುದು, ಎಂಜಿನ್ ಬ್ಲಾಕ್ ಬಿರುಕು ಬಿಡಬಹುದು. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರು ಅರ್ಧಕ್ಕರ್ಧ ಬೆರೆತ ಕೂಲಂಟ್ ಮೈನಸ್ 35 ಡಿಗ್ರಿಯವರೆಗೂ ಗಟ್ಟಿಯಾಗುವುದಿಲ್ಲ. ಗಾಜು ತೊಳೆಯುವ ನೀರಿನ ತೊಟ್ಟಿಗೂ ಹೆಪ್ಪುಗಟ್ಟದ ದ್ರವವನ್ನೇ ಹಾಕಬೇಕು. ಜಿಮ್ನಿಯ ಆಲ್ಫಾ ಮಾದರಿಯಲ್ಲಿ ಹೆಡ್‌ಲೈಟ್ ತೊಳೆಯುವ ವ್ಯವಸ್ಥೆಯೂ ಇದೆ. ಎಲ್‌ಇಡಿ ದೀಪಗಳು ಹಳೆಯ ಬಲ್ಬುಗಳಷ್ಟು ಬಿಸಿಯಾಗದ ಕಾರಣ ಅವುಗಳ ಮೇಲೆ ಹಿಮ ಅಂಟಿಕೊಂಡೇ ಉಳಿಯುತ್ತದೆ, ಆಗ ಇದು ನಿಜಕ್ಕೂ ಉಪಯೋಗಕ್ಕೆ ಬಂದಿತು.

ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು ಬಿಡಬಾರದು. ಜಿಮ್ನಿಯ ಹಿಂದಿನ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕ್. ಒಳಗೆ ಸೇರಿದ ತೇವ ಹೆಪ್ಪುಗಟ್ಟಿದರೆ ಬೆಳಿಗ್ಗೆ ಚಕ್ರ ಬಿಡುವುದೇ ಇಲ್ಲ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಬೇಕು, ವೈಪರುಗಳನ್ನು ಗಾಜಿನಿಂದ ಮೇಲೆತ್ತಿಡಬೇಕು. ಟೈರಿನ ಗಾಳಿಯೂ ಉಷ್ಣಾಂಶ ಐದಾರು ಡಿಗ್ರಿ ಇಳಿದಂತೆಲ್ಲ ಸುಮಾರು 1 ಪಿಎಸ್‌ಐ ತಗ್ಗುತ್ತದೆ.

ಜಿಮ್ನಿಯ ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಇದು ನಾಲ್ಕೇ ಜನರ ಗಾಡಿ. ಹಿಂದಿನ ಸೀಟು ಎತ್ತಿರುವಾಗ ಡಿಕ್ಕಿಯಲ್ಲಿರುವ ಜಾಗ 208 ಲೀಟರ್. ಚೈನ್, ಸಲಿಕೆ, ಎಳೆಯುವ ಹಗ್ಗ, ಹಾಸಿಗೆ ಹೊದಿಕೆಗಳನ್ನು ಇಟ್ಟರೆ ಬಟ್ಟೆಯ ಚೀಲಕ್ಕೆ ಎಡೆಯಿಲ್ಲ. ಇಬ್ಬರು ಹೋಗಿ ಹಿಂದಿನ ಸೀಟು ಮಡಚಿಕೊಂಡರೆ ಮಾತ್ರ ದೂರದ ಪ್ರಯಾಣ ಹಿತವಾಗಿರುತ್ತದೆ. ಪೆಟ್ರೋಲ್ ಟ್ಯಾಂಕ್ 40 ಲೀಟರಿನದು. ಕಂಪನಿ ಲೀಟರಿಗೆ 16.94 ಕಿಲೋಮೀಟರ್ ಎನ್ನುತ್ತದೆ, ಹೆದ್ದಾರಿಯಲ್ಲಿ ನಮಗೆ ಹದಿನೈದರ ಹತ್ತಿರ ಸಿಕ್ಕಿತು, 4ಎಲ್‌ನಲ್ಲಿ ಹಿಮದ ಮೇಲೆ ಅದರ ಅರ್ಧಕ್ಕಿಳಿಯಿತು. ಗಂಟೆಗೆ ನೂರರ ಮೇಲೆ ಹೋದರೆ ಎಂಜಿನ್ನಿನ ಸದ್ದು ಹೆಚ್ಚು, ಅಡ್ಡಗಾಳಿಗೆ ಗಾಡಿ ಸ್ವಲ್ಪ ತೂಗಾಡುತ್ತದೆ. ನಾಗಪುರದಾಚೆಯ ನೇರ ರಸ್ತೆಗಳಲ್ಲಿ ಇದು ದಣಿವು ತರಿಸಿತು. ಹಿಮಕ್ಕಾಗಿ ಇಷ್ಟು ದೂರ ಹೋಗುವವರು ಪ್ರಯಾಣದ ಬಹುಪಾಲು ಹಿಮವಿಲ್ಲದ ರಸ್ತೆಯಲ್ಲೇ ಕಳೆಯುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ದೃಷ್ಟಿಯಿಂದ ಥಾರ್‌ನ ಫೋರ್ ವೀಲ್ ಡ್ರೈವ್ ಮಾದರಿಯನ್ನು ಇಷ್ಟಪಡುವವರನ್ನು ನಾನು ಆಕ್ಷೇಪಿಸುವುದಿಲ್ಲ. ಅದರ ಟರ್ಬೋ ಎಂಜಿನ್ ಎತ್ತರದಲ್ಲೂ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ, ಅದರಲ್ಲೂ ಲೋ ರೇಂಜ್, ಅಂದರೆ ಜಿಮ್ನಿಯ 4ಎಲ್‌ನಂಥ ಸ್ಥಾನ, ಇದೆ. ಆದರೆ 2023ರಿಂದ ಹಿಂಚಕ್ರ ಮಾತ್ರ ದೂಡುವ ಥಾರ್ ಕೂಡ ಮಾರಾಟದಲ್ಲಿದೆ. ಹೊರನೋಟದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದು ಕಷ್ಟ, ಹಿಮದಲ್ಲಿ ಮಾತ್ರ ಅಜಗಜಾಂತರ. ಎರಡೇ ಚಕ್ರಗಳಿಗೆ ಶಕ್ತಿ ಹೋಗುವ ಸ್ಕಾರ್ಪಿಯೋ, ಬೊಲೆರೋ, ಇನ್ನೋವಾ ಕ್ರಿಸ್ಟಾಗಳೂ ಹಿಂಚಕ್ರದ ಗಾಡಿಗಳೇ ಆದ್ದರಿಂದ, ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಚೈನ್ ಇಲ್ಲದೆ ಹಿಮಕ್ಕೆ ಒಯ್ಯಬಾರದು. ಡೀಸೆಲ್ ಗಾಡಿಯವರು ಇನ್ನೊಂದು ವಿಷಯ ತಿಳಿದಿರಬೇಕು: ಕಡುಚಳಿಯಲ್ಲಿ ಸಾಮಾನ್ಯ ಡೀಸೆಲ್ ಮೇಣದಂತೆ ಗಟ್ಟಿಯಾಗುತ್ತದೆ, ಲಡಾಖಿಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಶೇಷ ಡೀಸೆಲನ್ನು ತಂದದ್ದು ಇದೇ ಕಾರಣಕ್ಕೆ. ಬಯಲಿನಲ್ಲಿ ತುಂಬಿಸಿದ ಟ್ಯಾಂಕಿನೊಡನೆ ಮೇಲೆ ಹೋಗದೆ, ದಾರಿಯಲ್ಲಿ ಆ ಭಾಗದ ಬಂಕುಗಳಲ್ಲೇ ತುಂಬಿಸಿಕೊಳ್ಳಬೇಕು. ಪೆಟ್ರೋಲ್ ಜಿಮ್ನಿಗೆ ಈ ಚಿಂತೆ ಇಲ್ಲ.

ಕುಟುಂಬದೊಡನೆ ಹೋಗುವವರಿಗೆ ಮಾರುತಿಯದೇ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾದರಿ, ಅಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಮಾದರಿ, ಹೆಚ್ಚು ಅನುಕೂಲ. ಸ್ನೋ ಎಂಬ ಆಯ್ಕೆಯೇ ಅದರಲ್ಲಿದೆ, ಹೆದ್ದಾರಿಯಲ್ಲಿ ಹಿತವಾಗಿದೆ, ಜಾಗವೂ ಇದೆ. ಲೋ ರೇಂಜ್ ಇಲ್ಲದಿರುವುದೊಂದೇ ಕೊರತೆ. ಇದಾವುದೂ ಬೇಡವೆನ್ನುವವರು ಇರುವ ಚಿಕ್ಕ ಕಾರಿಗೇ ಮುಂದೆ ಚೈನ್ ಕಟ್ಟಿಕೊಂಡು ಹೋಗಬಹುದು. ಕಾಶ್ಮೀರದ, ಹಿಮಾಚಲದ ಸಾಮಾನ್ಯ ಜನರು ಚಳಿಗಾಲವಿಡೀ ಆಲ್ಟೋಗಳಲ್ಲೇ ಓಡಾಡುತ್ತಾರೆ. ಒಮ್ಮೆ ಮಾತ್ರ ಹಿಮ ನೋಡಿಬರುವ ಉದ್ದೇಶವಿದ್ದರೆ, ಹನ್ನೆರಡು ಹದಿಮೂರು ಲಕ್ಷ ಖರ್ಚು ಮಾಡುವುದಕ್ಕಿಂತ ತಂಗ್‌ಮಾರ್ಗ್‌ನಲ್ಲಿ ನಿಮ್ಮ ಕಾರನ್ನು ಬಿಟ್ಟು, ಅಲ್ಲಿ ಬಾಡಿಗೆಗೆ ಸಿಗುವ ಚೈನ್ ಕಟ್ಟಿದ ಗಾಡಿಯಲ್ಲಿ ಮೇಲೆ ಹೋಗುವುದೇ ವಿವೇಕ. ಅಲ್ಲಿನ ಚಾಲಕರಿಗೆ ಪ್ರತಿ ತಿರುವೂ ಗೊತ್ತಿರುತ್ತದೆ.

ಜಿಮ್ನಿ ನಮ್ಮ ಊರಿಗೆ ಹೊಂದುತ್ತದೆಯೇ ಎಂದರೆ, ನಮಗೆ ಹೊಂದಿದೆ. ಬಜಾರ್ ರಸ್ತೆಯ ಇಕ್ಕಟ್ಟಿನಲ್ಲಿ 1,645 ಮಿಲಿಮೀಟರ್ ಅಗಲದ ಗಾಡಿ ಸಲೀಸಾಗಿ ನುಗ್ಗುತ್ತದೆ. ಮಳೆಗಾಲದಲ್ಲಿ ದ್ರಾಕ್ಷಿ ತೋಟದ ಕೆಮ್ಮಣ್ಣಿನ ದಾರಿ ಕೆಸರಾದಾಗ 4ಎಚ್ ಸಾಕಾಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಮಾತ್ರ 4ಎಚ್ ಹಾಕಿಕೊಂಡು ಓಡಿಸಬಾರದು. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇದರಲ್ಲಿಲ್ಲದ ಕಾರಣ, ತಿರುವುಗಳಲ್ಲಿ ಒಳಗಿನ ಭಾಗಗಳು ಬಿಗಿದುಕೊಂಡು ಹಾಳಾಗುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದಕ್ಕಾಗಿಯೇ ಮಣ್ಣಿನ ಜಾಗಕ್ಕೆ ಒಯ್ದು, ಮೂರೂ ಸ್ಥಾನಗಳಿಗೆ ಲಿವರ್ ಹಾಕಿಸಿ, ಪ್ರತಿಯೊಂದರಲ್ಲೂ ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಬೇಕು. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಆಕ್ಸಲುಗಳ ಎಣ್ಣೆ ಬದಲಿಸಿದ ದಾಖಲೆ ಕೇಳಬೇಕು. ಕೆಲವೆಡೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದರಿಂದ, ಉತ್ತರದ ಕಡೆ ಹೋಗಿಬಂದ ಗಾಡಿಯಾಗಿದ್ದರೆ ಚಾಸಿಯ ಅಡಿಯಲ್ಲಿ ತುಕ್ಕು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಲಿವರ್ ಬಳಸಿಯೇ ಇಲ್ಲ, ಹೊಸದರಂತಿದೆ ಎಂದು ಮಾರುವವರು ಹೇಳಿದರೆ ಅದನ್ನು ಗಾಡಿಯ ಗುಣವೆಂದು ಪರಿಗಣಿಸದೆ, ಅಲ್ಲೇ ಅವರೆದುರಿಗೆ 4ಎಲ್ ಹಾಕಿಸಿ ಹತ್ತು ಮಾರು ಓಡಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.